ಗಾರೆಗೆ ನೀರು

ಫೆಬ್ರವರಿ 9

ಓರಗಿತ್ತಿಗೆ,

ಕೀಲಿಕೈ ಜೋಪಾನ. ಮೊದಲು ಅದು, ಕ್ಷೇಮಸಮಾಚಾರ ಆಮೇಲೆ.

ಫೋನಿನಲ್ಲಿ ಹೇಳೋಣವೆಂದರೆ ಮಗಳ ಮನೆ ಎರಡೇ ಕೋಣೆಯದು. ಇಲ್ಲಿ ಗೋಡೆಗೂ ಕಿವಿ, ಅಳಿಯನಿಗೂ ಕಿವಿ. ನೀನಿರುವ ಗುಡ್ಡದ ಮೇಲೆ ಸಿಗ್ನಲ್ ಯಾವಾಗಲೂ ಸತ್ತೇ ಇರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ನಗಬೇಡ. ನೀನು ಹತ್ತನೇ ಕ್ಲಾಸು ಪಾಸಾದವಳು, ಗೊತ್ತು. ನೀನು ಸೊಸೆಯಾಗಿ ಬಂದ ದಿನದಿಂದ ಗೊತ್ತು, ಮರೆಯೋಣವೆಂದರೆ ಮನೆಯಲ್ಲಿ ಯಾರೂ ಬಿಟ್ಟಿಲ್ಲ.

ತೊಡೆಯ ಮೂಳೆಗೆ ಸರಳು ಹಾಕಿದ್ದಾರೆ. ಬಕೆಟ್ ಹಿಡಿದು ಮೆಟ್ಟಿಲಿಳಿಯುವಾಗ ಜಾರಿದ್ದು ಇಷ್ಟಕ್ಕೆ ಬಂತು. ಡಾಕ್ಟರು ನಾಲ್ಕು ತಿಂಗಳು ಅಂದರು. "ನಾಲ್ಕು ತಿಂಗಳಾ? ಕೋಣೆ ಯಾರು ನೋಡ್ಕೋತಾರೆ?" ಅಂದೆ. "ಯಾವ ಕೋಣೆ?" ಅಂದರು. "ಎರಡು ಸಾವಿರ ವರ್ಷದ್ದು" ಅಂದೆ. ಅವರು ನರ್ಸಿನ ಮುಖ ನೋಡಿದರು, ತಲೆಗೂ ಪೆಟ್ಟು ಬಿದ್ದಿದೆಯಾ ಅನ್ನುವ ಹಾಗೆ.

ನೀನು ಇಷ್ಟು ವರ್ಷ ಮೇಲೆ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವಳು. ಮೇಲಿನದು ಬರೀ ಅಗೆದು ತೆಗೆದ ಊರು, ಪಾಯ, ಮೋಟು ಗೋಡೆ, ಕಲ್ಲುಹಾಸು. ಬಿಸಿಲಿಗೆ ಮಳೆಗೆ ಹೊಂದಿಕೊಂಡಿವೆ. ಕೆಳಗಿನ ಚಿತ್ರದ ಕೋಣೆ ಹಾಗಲ್ಲ, ಅದು ಬಾಣಂತಿಯ ಹಾಗೆ. ಬೀಗವನ್ನು ಎಡಕ್ಕೆ ತಿರುಗಿಸಿ ಸ್ವಲ್ಪ ಮೇಲಕ್ಕೆ ಎತ್ತಬೇಕು, ಇಲ್ಲದಿದ್ದರೆ ಹಟ ಹಿಡಿಯುತ್ತದೆ. ಶಾಲೆಯ ಮಕ್ಕಳು ಅಂಗೈ ಒತ್ತುತ್ತಾರೆ. ಪ್ರೀತಿ ಮಾಡುವವರು ಸ್ಕೂಟರ್ ಕೀಲಿಯಿಂದ ಹೆಸರು ಕೊರೆಯುತ್ತಾರೆ. ವಯಸ್ಸಾದವರು ಒಳ್ಳೆಯವರೆಂದು ನಂಬಬೇಡ, ಛತ್ರಿಯ ತುದಿಯಿಂದ ಚಿತ್ರ ತೋರಿಸುವವರು ಅವರೇ. ಎಡಗೋಡೆಯಲ್ಲಿ ಐದು ಬಾತುಕೋಳಿಗಳಿವೆ, ಮೂರನೆಯದಕ್ಕೆ ಕಾಲಿಲ್ಲ. ಅದು ಹಳೆಯ ನಷ್ಟ, ನಿನ್ನ ತಲೆಗೆ ಕಟ್ಟುವುದಿಲ್ಲ. ಆದರೆ ನಾಲ್ಕನೆಯದರ ಕಾಲು ನಾನು ವಾಪಸ್ಸು ಬಂದಾಗಲೂ ಇರಬೇಕು. ಎದುರುಗೋಡೆಯ ಕೊಡ ಹೊತ್ತ ಹೆಂಗಸಿನ ಮುಖಕ್ಕೆ ಟಾರ್ಚು ಬಿಡಬೇಡ, ಅವಳಿಗೆ ಹಿಡಿಸುವುದಿಲ್ಲ.

ಎಲ್ಲಾ ಬರೆದಿದ್ದೇನೆ. ಬಿಟ್ಟಿದ್ದು ಏನೂ ಇಲ್ಲ.

ನಿಮ್ಮ ಭಾವ ಊಟಕ್ಕೆ ನಿಮ್ಮ ಮನೆಗೇ ಬರುತ್ತಿದ್ದಾರಂತೆ. ನಿನ್ನ ಅಡುಗೆ ಚೆನ್ನಾಗಿದೆ ಅಂದರಂತೆ. ಇಪ್ಪತ್ತೆಂಟು ವರ್ಷ ನನ್ನ ಕೈಯೂಟ ಉಂಡ ಬಾಯಲ್ಲಿ ಆ ಮಾತು ಇತ್ತೆಂದೇ ನನಗೆ ಗೊತ್ತಿರಲಿಲ್ಲ.

ಕಾಲು ಚಾಚಿಕೊಂಡು ಬಿದ್ದಿರುವ
ನಿನ್ನ ಅಕ್ಕ


ಫೆಬ್ರವರಿ 27

ಅಕ್ಕ,

ಪತ್ರ ಬರುವವರೆಗೆ ಬೀಗದ ಜೊತೆ ದಿನಾ ಗುದ್ದಾಡುತ್ತಿದ್ದೆ, ನೀವು ಹೇಳಿದಂತೆ ಎತ್ತಿ ತಿರುಗಿಸಿದ ಮೇಲೆ ಒಂದೇ ಸಲಕ್ಕೆ ಬಂತು. ಮೊದಲ ದಿನವೇ ಕೋಣೆ ಗುಡಿಸಿ, ಮೂಲೆಯಲ್ಲಿದ್ದ ಕಸವನ್ನೆಲ್ಲ ಎತ್ತಿ ಹಾಕಿ, ಬಾಗಿಲು ತೆರೆದಿಟ್ಟು ಗಾಳಿಯಾಡಿಸಿದೆ. ಒಳಗೆ ಏನೋ ಮುಗ್ಗಲು ವಾಸನೆಯಿತ್ತು, ಈಗ ಇಲ್ಲ.

ಪುರಾತತ್ವ ಇಲಾಖೆಯಿಂದ ದೊಡ್ಡ ಮೇಡಂ ಬಂದಿದ್ದರು. ಹೋದ ವರ್ಷ ಗೋಡೆಗೆ ತೇವ ಅಳೆಯುವ ಪೆಟ್ಟಿಗೆ ಇಟ್ಟು ಹೋಗಿದ್ದರಲ್ಲ, ಅದರಲ್ಲಿ ತೇವ ವಿಪರೀತ ಬಂದಿದೆಯಂತೆ. ಬಣ್ಣ ಉದುರುತ್ತಿರುವುದು ಅದರಿಂದಲೇ ಅಂತೆ. "ಇಷ್ಟು ಜನ ಒಳಗೆ ನಿಂತು ಉಸಿರು ಬಿಟ್ಟರೆ ಗೋಡೆ ಬೆವರದೆ ಏನ್ ಮಾಡತ್ತೆ?" ಅಂದರು. ಮಾರ್ಚ್ ಒಂದರಿಂದ ಹೊಸ ನಿಯಮ ಬರುತ್ತದೆ. ಒಂದು ಸಲಕ್ಕೆ ಇಪ್ಪತ್ತೇ ಜನ, ಹತ್ತೇ ನಿಮಿಷ, ಚಪ್ಪಲಿಗೆ ಬಟ್ಟೆಯ ಚೀಲ. ಉಳಿದವರು ಮೇಲೆ ನೆರಳಲ್ಲಿ ಕಾಯಬೇಕು.

ಚಹಾ ಅಂಗಡಿಯವನು ನನ್ನ ಮೇಲೆ ಹರಿಹಾಯ್ದ. "ಒಂದು ಬಸ್ಸಿಗೆ ಐವತ್ತು ಜನ ಬರ್ತಾರೆ, ಇಪ್ಪತ್ತು ಜನ ಬಿಟ್ಟರೆ ಮೂವತ್ತು ಜನ ಏನ್ ಮಾಡಬೇಕು?" ಅಂದ. "ನಿನ್ನ ಅಂಗಡೀಲಿ ಕೂತು ಚಹಾ ಕುಡೀಬೇಕಪ್ಪ" ಅಂದೆ. ಅವತ್ತೇ ಹೋಗಿ ಎರಡು ಬೆಂಚು ಜಾಸ್ತಿ ಹಾಕಿದ.

ಬಂದವರಿಗೆ ಬೇಸರವಾಗದಿರಲಿ ಎಂದು ಅಗೆದು ತೆಗೆದ ಆ ಊರಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನಗುತ್ತಾರೆ. ಅಭಿಪ್ರಾಯದ ಪುಸ್ತಕದಲ್ಲಿ ಯಾರೋ "ನಗುಮುಖದ ಕಾವಲುಗಾರ್ತಿ" ಎಂದು ಬರೆದಿದ್ದಾರೆ. ನಿಮಗೆ ಖುಷಿಯಾಗಲಿ ಎಂದು ತಿಳಿಸಿದೆ.

ಕಾಲು ಊರಬೇಡಿ. ಇಲ್ಲಿನ ಚಿಂತೆ ನನಗೆ ಬಿಡಿ.

ನಿಮ್ಮ ತಂಗಿಯ ಜಾಗದಲ್ಲಿರುವವಳು


ಮಾರ್ಚ್ 15

ಓರಗಿತ್ತಿಗೆ,

ಖುಷಿಯಾಯಿತು. ಎಷ್ಟು ಖುಷಿಯಾಯಿತೆಂದರೆ ಎರಡು ದಿನ ಊಟ ಸೇರಲಿಲ್ಲ.

ಆ ಪುಸ್ತಕದಲ್ಲಿ ನನ್ನ ಬಗ್ಗೆಯೂ ಒಂದು ಸಲ ಬರೆದಿದ್ದಾರೆ, ಹಳೆಯ ಪುಟ ತೆಗೆದು ನೋಡು. "ಕಾವಲಿನ ಹೆಂಗಸು ಬೈಯುತ್ತಾಳೆ." ಹನ್ನೊಂದು ವರ್ಷಕ್ಕೆ ಒಂದು ಸಾಲು. ಬೈದಿದ್ದಕ್ಕೇ ನಾಲ್ಕು ಬಾತುಕೋಳಿಗೆ ಕಾಲು ಉಳಿದಿದೆ ಎಂದು ಯಾರೂ ಬರೆಯಲಿಲ್ಲ.

ಪೇಪರಿನಲ್ಲಿ ನಿನ್ನ ಫೋಟೋ ಬಂದಿದೆ. "ಚಿಕ್ಕಮ್ಮ ಎಷ್ಟ್ ಚೆನ್ನಾಗಿ ಕಾಣ್ತಾರೆ ನೋಡಮ್ಮ" ಎಂದು ಮಗಳು ಹಿಡಿದುಕೊಂಡು ಬಂದಳು. ನಾನು ನಿನ್ನನ್ನು ನೋಡಲಿಲ್ಲ, ನಿನ್ನ ಹಿಂದಿದ್ದ ಕೋಣೆಯ ಬಾಗಿಲನ್ನು ನೋಡಿದೆ. ಪೂರ್ತಿ ತೆರೆದಿದೆ! ಹೊರಗಿನ ಧಗೆ ಒಳಗೆ ನುಗ್ಗುವುದಿಲ್ಲವೇ? ಗೋಡೆ ಒಣಗುವುದಿಲ್ಲವೇ? ಮತ್ತೆ ಮೈಮೇಲೆ ಅದೇನು, ನೀಲಿ ಸಮವಸ್ತ್ರ? ನಾನು ಹನ್ನೊಂದು ವರ್ಷ ಅರ್ಜಿ ಕೊಟ್ಟರೂ ಹೊಲಿಸಿಕೊಡದ ಸಮವಸ್ತ್ರ ನಿನಗೆ ಒಂದೇ ತಿಂಗಳಲ್ಲಿ ಅಳತೆ ಸಮೇತ ಬಂತಾ? ಸರಿ, ನಿನ್ನನ್ನೂ ನೋಡಿದೆ. ಚೆನ್ನಾಗಿಯೇ ಕಾಣುತ್ತೀಯ. ಪೇಪರನ್ನು ಮಡಚಿ ಹಾಸಿಗೆಯ ಕೆಳಗಿಟ್ಟೆ. ಮೊಮ್ಮಗಳು ನೋಡಿ ನೋಡಿ ಕೇಳುತ್ತಾಳೆಂದು ಇಟ್ಟೆ, ಬೇರೆ ಯಾವ ಕಾರಣಕ್ಕೂ ಅಲ್ಲ.

ನನಗೆ ಒಂದು ವಿಷಯ ಬೇಕು. ಗೋಡೆ ಬಿರುಕು ಬಿಟ್ಟಿದೆಯಾ? ಕೊಡ ಹೊತ್ತವಳ ಮೊಣಕೈ ಹತ್ತಿರ ನೋಡು. ಕೂದಲೆಳೆಯಷ್ಟು ಸಣ್ಣದಿದ್ದರೂ ಬಿರುಕೇ. ಬೆಳಿಗ್ಗೆ ಕಾಣುವುದಿಲ್ಲ, ಮಧ್ಯಾಹ್ನ ಬಾಗಿಲ ಬೆಳಕು ಓರೆಯಾಗಿ ಬಿದ್ದಾಗ ನೋಡು. ಬಿಟ್ಟಿದ್ದರೆ ಮುಚ್ಚಿಡದೆ ಬರೆ. ನಿನ್ನ ತಪ್ಪೆಂದು ನಾನು ಯಾರಿಗೂ ಹೇಳುವುದಿಲ್ಲ.

ಬಿರುಕು ಬಿಟ್ಟಿದೆಯಾ?

ಕಿಟಕಿಯಲ್ಲಿ ಎದುರುಮನೆಯ ನೀರಿನ ಟ್ಯಾಂಕು ನೋಡುತ್ತ ಕೂತಿರುವ
ನಿನ್ನ ಅಕ್ಕ


ಏಪ್ರಿಲ್ 6

ಅಕ್ಕ,

ಬಿರುಕು ಬಿಟ್ಟಿಲ್ಲ. ನಾನೂ ನೋಡಿದೆ, ಮೇಡಂ ಭೂತಕನ್ನಡಿ ಹಿಡಿದು ನೋಡಿದರು. ಅಷ್ಟೇ ಅಲ್ಲ, ಗೋಡೆಯ ಕೆಳಗೆ ಹಿಟ್ಟು ಉದುರಿಸಿದಂತೆ ಬಿಳಿಯ ಉಪ್ಪು ಬೀಳುತ್ತಿತ್ತಲ್ಲ, ಅದೂ ನಿಂತಿದೆ. ಹೋದ ವರ್ಷದ ಮಾರ್ಚಿನ ಹಾಳೆಯನ್ನೂ ಈ ಮಾರ್ಚಿನ ಹಾಳೆಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ತೇವ ಎಂಬತ್ತೆಂಟರಿಂದ ಎಪ್ಪತ್ತೊಂದಕ್ಕೆ ಇಳಿದಿದೆ. ಮೇಡಂ ಎದ್ದು ನಿಂತು ನನ್ನ ಕೈ ಕುಲುಕಿದರು. "ಇಪ್ಪತ್ತು ಜನರ ನಿಯಮವನ್ನು ಕಾಗದದಲ್ಲಿ ಬರೆಯೋದು ಸುಲಭ, ಅದನ್ನು ನಡೆಸಿದ್ದು ನೀನು" ಅಂದರು. ಅಕ್ಕ, ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಇನ್ನೊಂದು ಸುದ್ದಿ ಇದೆ. ನಿಮಗೆ ಹೇಗೆ ಹೇಳುವುದೋ ತಿಳಿಯದೆ ನಾಲ್ಕು ದಿನ ಪೆನ್ನು ಹಿಡಿದು ಕೂತಿದ್ದೆ. ಜನ ಕಡಿಮೆಯಾಗಿದ್ದಕ್ಕೇ ಇಷ್ಟು ಒಣಗಿತೆಂದರೆ, ಜನರೇ ಇಲ್ಲದಿದ್ದರೆ ಇನ್ನೂ ಒಳ್ಳೆಯದಲ್ಲವೇ ಎಂದು ಇಲಾಖೆಯಲ್ಲಿ ಮಾತಾಗಿದೆ. ಜೂನ್ ತಿಂಗಳಿಂದ ಚಿತ್ರದ ಕೋಣೆಗೆ ಶಾಶ್ವತವಾಗಿ ಬೀಗ. ಮೇಲೆ ವಾಹನ ನಿಲ್ಲಿಸುವ ಜಾಗದ ಪಕ್ಕ ಅದೇ ಅಳತೆಯ, ಅದೇ ಚಿತ್ರಗಳ ತದ್ರೂಪು ಕೋಣೆ ಕಟ್ಟುತ್ತಾರೆ. ಬಂದವರು ಅದನ್ನು ನೋಡಿಕೊಂಡು ಹೋಗಬೇಕು. ಅದಕ್ಕೆ ನನ್ನನ್ನು ಮೇಲ್ವಿಚಾರಕಿಯಾಗಿ ಹಾಕುತ್ತಾರಂತೆ. ಕಾಯಂ ಕೆಲಸ. ನಿಮಗೂ ಅಲ್ಲೇ ಎಲ್ಲಾದರೂ ಜಾಗ ಕೊಡಿಸಿ ಎಂದು ಕೇಳಿದ್ದೇನೆ.

ಸಿಟ್ಟಾಗಬೇಡಿ.

ನಿಮ್ಮ ಉತ್ತರಕ್ಕೆ ಹೆದರುವ
ನಿಮ್ಮ ಓರಗಿತ್ತಿ


ಏಪ್ರಿಲ್ 12

ಓರಗಿತ್ತಿಗೆ,

ಸಿಟ್ಟು ಆಮೇಲೆ ಆಗುತ್ತೇನೆ, ಈಗ ಪುರುಸೊತ್ತಿಲ್ಲ. ಈ ಪತ್ರ ಸಿಕ್ಕ ಕೂಡಲೇ, ನಿಂತ ಕಾಲಲ್ಲೇ ಕೋಣೆಗೆ ಹೋಗು. ಬಾಗಿಲ ಹಿಂದಿನ ಮೂಲೆಯಲ್ಲಿ ಮಡಚಿಟ್ಟ ಗೋಣಿಚೀಲವಿದೆ. ಅದರ ಮೇಲೆ ಒಂದು ಬಕೆಟ್ ನೀರು ಹೊಯ್ಯಿ. ದಿನಾ ಹೊಯ್ಯಬೇಕು. ಎರಡು ತಿಂಗಳಿಂದ ಅದು ಒಣಗಿ ಬಿದ್ದಿದೆ. ಕೋಣೆಗೆ ಬೀಗ ಹಾಕಿ ಹಾಗೇ ಬಿಟ್ಟರೆ ಗೋಡೆ ಹಪ್ಪಳವಾಗಿ ಬೀಳುತ್ತದೆ, ಬಾತುಕೋಳಿಯೂ ಇಲ್ಲ, ಕೊಡವೂ ಇಲ್ಲ.

ಎಲ್ಲಾ ಬರೆದಿದ್ದೇನೆ ಅಂದೆನಲ್ಲ ಮೊದಲ ಪತ್ರದಲ್ಲಿ, ಅದು ಸುಳ್ಳು. ಇದನ್ನು ಬಿಟ್ಟಿದ್ದೆ.

ಅಪ್ಪ ಗಾರೆ ಕೆಲಸದವರು, ನಿನಗೆ ಗೊತ್ತು. ಒಂದು ಮನೆಯ ಗಿಲಾವು ಮುಗಿಸಿ ಅವರು ಮುಂದಿನ ಮನೆಗೆ ಹೋಗುತ್ತಿದ್ದರು. ಹಿಂದಿನ ಮನೆಯ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹಾಕುವುದು ನನ್ನ ಕೆಲಸ. ಅದಕ್ಕೇ ಶಾಲೆ ಬಿಡಿಸಿದ್ದು. ಒಂದು ದಿನ ಆಟಕ್ಕೆ ಹೋಗಿ ಮರೆತೆ. ಮರುದಿನ ನೋಡಿದರೆ ಗೋಡೆ ತುಂಬ ಕೂದಲೆಳೆಯಂಥ ಬಿರುಕು. ಅಪ್ಪ ಹೊಡೆಯಲಿಲ್ಲ. ನನ್ನ ಬೆರಳು ಹಿಡಿದು ಬಿರುಕಿನ ಮೇಲೆ ಎಳೆದು "ಇದಕ್ಕೆ ಬಾಯಾರಿತ್ತು ಮಗಳೇ" ಅಂದರು, ಅಷ್ಟೇ. ಹೊಡೆದಿದ್ದರೆ ಮರೆತುಬಿಡುತ್ತಿದ್ದೆ.

ಕೋಣೆಯ ಕಾವಲಿಗೆ ಸೇರಿದ ಮೊದಲ ಬೇಸಿಗೆಯಲ್ಲೇ ಕೊಡ ಹೊತ್ತವಳ ಮೊಣಕೈ ಹತ್ತಿರ ಅಂಥದೇ ಬಿರುಕು ಕಂಡೆ. ತಲೆಯ ಮೇಲೆ ಕೊಡ ಹೊತ್ತಿದ್ದಾಳೆ, ಅವಳ ಗೋಡೆಗೇ ಬಾಯಾರಿಕೆ! ಅವತ್ತೇ ಗೋಣಿಚೀಲ ತಂದೆ. ಗೋಡೆಗೆ ನೇರ ನೀರು ಹಾಕಲಿಲ್ಲ, ಅಷ್ಟು ದಡ್ಡಿಯಲ್ಲ ನಾನು. ಕೋಣೆಯ ಗಾಳಿ ತಂಪಾಗಿದ್ದರೆ ಸಾಕೆಂದು ಚೀಲ ನೆನೆಸಿಟ್ಟೆ. ದಿನಕ್ಕೊಂದು ಬಕೆಟ್. ಧಗಧಗಿಸುವ ಬೇಸಿಗೆಯಲ್ಲಿ ಎರಡು. ಅಧಿಕಾರಿಗಳು ಬರುವ ದಿನ ಚೀಲ ಎತ್ತಿ ಹೊರಗೆ ಬಚ್ಚಿಡುತ್ತಿದ್ದೆ. ಓದಿದವರಿಗೆ ಹೇಳಿದರೆ ಒಂದೋ ನಗುತ್ತಾರೆ, ಇಲ್ಲವೇ ತಾವೇ ಕಂಡುಹಿಡಿದಿದ್ದೆಂದು ಬರೆದುಕೊಳ್ಳುತ್ತಾರೆ. ನಾನು ಬಿದ್ದ ದಿನ ಕೈಯಲ್ಲಿದ್ದದ್ದು ಆ ಬಕೆಟ್ಟೇ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಹೊಟ್ಟೆಕಿಚ್ಚು. ಈ ಮಾತನ್ನು ಎರಡು ಸಲ ಹೊಡೆದು ಹಾಕಿದೆ, ಮತ್ತೆ ಬರೆಯುತ್ತಿದ್ದೇನೆ. ನನ್ನ ಕೋಣೆಯ ಕೀಲಿಕೈ ನಿನ್ನ ಸೊಂಟದಲ್ಲಿ ನೇತಾಡುವುದನ್ನು ನೆನೆಸಿಕೊಂಡರೆ ಮೂಳೆಯ ಸರಳಿಗಿಂತ ಹೆಚ್ಚು ಚುಚ್ಚುತ್ತಿತ್ತು. ಒಂದೇ ಒಂದು ಬಿರುಕು ಬಿಡಲಿ, "ಅವಳಿದ್ದಾಗ ಹೀಗಿರಲಿಲ್ಲ" ಎಂದು ಎಲ್ಲರೂ ಹೇಳಲಿ ಅಂದುಕೊಂಡೆ. ಸಣ್ಣ ಬಿರುಕು. ಮೂಲೆಯಲ್ಲೆಲ್ಲಾದರೂ. ಬೆಳಗಾದರೆ ಬಿಟ್ಟಿತೋ ಎಂದು ಆಸೆ, ಮಧ್ಯಾಹ್ನವಾದರೆ ಬಿಟ್ಟಿತೋ ಎಂದು ದಿಗಿಲು. ಎರಡೂ ಒಂದೇ ಹೊಟ್ಟೆಯಲ್ಲಿ.

ಬೈಯುವುದಿದ್ದರೆ ಬೈಯಿ. ಮೊದಲು ನೀರು ಹೊಯ್ದು ಬಾ.

ತಲೆ ಎತ್ತಲಾರದ
ನಿನ್ನ ಅಕ್ಕ


ಏಪ್ರಿಲ್ 20

ಅಕ್ಕ,

ನೀರು ಹೊಯ್ಯಲಿಲ್ಲ. ಹೊಯ್ಯುವುದಿಲ್ಲ.

ಆ ಗೋಣಿಚೀಲವನ್ನು ನಾನು ಬಂದ ಮೊದಲ ದಿನವೇ ಎಸೆದೆ. ಅದರಡಿ ಇಲಿ ಸತ್ತಿದೆ ಎಂದುಕೊಂಡಿದ್ದೆ. ಫೆಬ್ರವರಿ ಆರನೇ ತಾರೀಖು. ನಿಮ್ಮ ಪತ್ರ ಓದಿದ ಮೇಲೆ ಆಫೀಸಿನ ಕಪಾಟಿನಿಂದ ತೇವದ ಪೆಟ್ಟಿಗೆಯ ಫೆಬ್ರವರಿ ಹಾಳೆ ತೆಗೆದು ನೋಡಿದೆ. ಮೇಡಂ ಎರಡು ಮಾರ್ಚುಗಳನ್ನು ಮಾತ್ರ ನೋಡಿದ್ದರು, ಫೆಬ್ರವರಿಯನ್ನು ಯಾರೂ ಬಿಚ್ಚಿಯೇ ಇರಲಿಲ್ಲ. ಐದನೇ ತಾರೀಖಿನವರೆಗೆ ಗೆರೆ ಮೇಲೇ ಇದೆ. ಆರರಿಂದ ಮೆಟ್ಟಿಲಿಳಿದ ಹಾಗೆ ಇಳಿದಿದೆ. ಆಗಿನ್ನೂ ಬಸ್ಸಿಗೆ ಬಸ್ಸೇ ಒಳಗೆ ಬಿಡುತ್ತಿದ್ದೆ. ಇಪ್ಪತ್ತು ಜನರ ನಿಯಮ ಬಂದಿದ್ದು ಮಾರ್ಚ್ ಒಂದಕ್ಕೆ. ಆಮೇಲೆ ಇಳಿದಿದ್ದು ಸ್ವಲ್ಪವೇ.

ಹೊಸ ಗಾರೆಗೆ ನೀರು ಬೇಕು ಅಕ್ಕ. ಇದು ಕುಡಿಯುವುದನ್ನೆಲ್ಲ ಎರಡು ಸಾವಿರ ವರ್ಷದ ಹಿಂದೆಯೇ ಕುಡಿದು ಮುಗಿಸಿದ ಗಾರೆ. ತೇವ ಹೆಚ್ಚಾದರೆ ಗೋಡೆಯೊಳಗಿನ ಉಪ್ಪು ಕರಗಿ ಹೊರಗೆ ಬರುತ್ತದಂತೆ, ಬಂದು ಬಣ್ಣವನ್ನು ಹಿಂದಿನಿಂದ ತಳ್ಳಿ ಬೀಳಿಸುತ್ತದಂತೆ. ಮೇಡಂ ಎಲ್ಲರಿಗೂ ಹೇಳುವುದು ಇದನ್ನೇ. ನಾನು ಇದನ್ನು ನಿಮಗೆ ಬರೆಯಬೇಕಾಗಿ ಬಂತಲ್ಲ ಎಂದು ಅಳು ಬರುತ್ತಿದೆ.

ಯಾರಿಗೂ ಹೇಳಬೇಡಿ. ಹೊರಗೆ ಬಂದರೆ ನಿಮ್ಮ ಕೆಲಸ ಹೋಗುತ್ತದೆ. ನನ್ನದೂ ಹೋಗುತ್ತದೆ, ಸುಳ್ಳು ಯಾಕೆ ಹೇಳಲಿ. ತಪ್ಪು ಜನರದಲ್ಲ ಎಂದಾದರೆ ಕೋಣೆ ಮುಚ್ಚುವುದಿಲ್ಲ, ತದ್ರೂಪು ಕಟ್ಟುವುದಿಲ್ಲ, ಮೇಲ್ವಿಚಾರಕಿಯೂ ಬೇಕಾಗಿಲ್ಲ. ಕೋಣೆ ಹೇಗೂ ಉಳಿಯಿತಲ್ಲ. ನಿಮ್ಮ ಪತ್ರವನ್ನು ಒಲೆಗೆ ಹಾಕಿದ್ದೇನೆ. ಮೇ ತಿಂಗಳ ಕೊನೆಗೆ ಆದೇಶಕ್ಕೆ ಸಹಿಯಾಗುತ್ತದೆ. ಅಲ್ಲಿಯವರೆಗೆ ಇಬ್ಬರೂ ಬಾಯಿ ಹೊಲಿದುಕೊಂಡಿರೋಣ.

ನಿಮ್ಮವಳೇ


ಮೇ 2

ಓರಗಿತ್ತಿಗೆ,

ಸರಿ. ಹೇಳುವುದಿಲ್ಲ.

ಮೂರನೆಯ ಬಾತುಕೋಳಿಯ ಕಾಲು ಉದುರಿದ ವರ್ಷ ನಾನು ಒಬ್ಬ ಮುದುಕನನ್ನು ಬೈದು ಹೊರಗೆ ಹಾಕಿದ್ದೆ. ಅವನು ಗೋಡೆಯಿಂದ ಎರಡು ಮಾರು ದೂರದಲ್ಲಿದ್ದ, ಸುಮ್ಮನೆ ಕೆಮ್ಮಿದ್ದ. ನೆಲದ ಮೇಲೆ ಉದುರಿದ ಕೆಂಪು ಚೂರನ್ನು ತೋರಿಸಿ "ನೋಡು, ನಿನ್ನ ಕೆಮ್ಮಿಗೆ ಕಾಲು ಬಿತ್ತು" ಅಂದೆ. ಅವನು ಕೈಮುಗಿದ. ಹೆಂಡತಿ ತೋಳು ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಹೋದಳು. ಎಲ್ಲಿಂದ ಬಂದಿದ್ದರೋ. ಈಗ ಯಾರ ಮನೆಯ ಬಾಗಿಲು ತಟ್ಟಿ ತಪ್ಪಾಯಿತೆಂದು ಹೇಳಲಿ?

ಮಧ್ಯಾಹ್ನ ಕೋಣೆ ಖಾಲಿಯಾದಾಗ ಬಾಗಿಲು ಮುಂದಕ್ಕೆಳೆದುಕೊಂಡು ಒಳಗೇ ಕೂತು ಊಟ ಮಾಡುತ್ತಿದ್ದೆ, ಅದೂ ನಿನಗೆ ಗೊತ್ತಿಲ್ಲ. ಅವಳ ಎದುರು. ಮನೆಯ ವಿಷಯವೆಲ್ಲ ಹೇಳುತ್ತಿದ್ದೆ. ನಿನ್ನ ವಿಷಯವನ್ನೂ ಹೇಳಿದ್ದೇನೆ, ಒಳ್ಳೆಯದೇನೂ ಹೇಳಿಲ್ಲ. ನನ್ನ ಉಸಿರು, ನನ್ನ ಬಿಸಿ ಊಟದ ಹಬೆ, ನನ್ನ ಬಕೆಟ್ಟು. ಇಷ್ಟು ವರ್ಷ ಬಂದವರನ್ನೆಲ್ಲ ಕಳ್ಳರಂತೆ ಕಾಯ್ದೆ. ಎಷ್ಟು ಜನ ಕೀಲಿಯಿಂದ ಗೀಚಿದರೂ ನನ್ನಷ್ಟು ಕೆಡಿಸಲಿಲ್ಲ.

ಮತ್ತೆ ನೀನು! ನೀನು ಮಾಡಿದ್ದಾದರೂ ಏನು? ಕಸ ಎಸೆದೆ. ನನ್ನ ಹನ್ನೊಂದು ವರ್ಷದ ಜೀವವನ್ನು ಇಲಿಯ ಹೆಣವೆಂದುಕೊಂಡು ಮೂಗು ಮುಚ್ಚಿ ಎಸೆದೆ, ಅದಕ್ಕೆ ಮೇಡಂ ಎದ್ದು ನಿಂತು ಕೈ ಕುಲುಕಿದರು. ನನ್ನ ಕೈಯನ್ನು ಯಾರಾದರೂ ಹಿಡಿದಿದ್ದರೆ ಅದು ಈ ಡಾಕ್ಟರೇ, ನಾಡಿ ನೋಡಲು.

ಹೇಳುವುದಿಲ್ಲ ಅಂದೆನಲ್ಲ. ನಿಶ್ಚಿಂತೆಯಿಂದ ಇರು.

ನಿಶ್ಚಿಂತೆ ಎಂಬುದನ್ನು ಕಾಣದ
ನಿನ್ನ ಅಕ್ಕ


ಮೇ 11

ದೊಡ್ಡ ಮೇಡಂ ಅವರ ಗಮನಕ್ಕೆ,

ಚಿತ್ರದ ಕೋಣೆಯ ಹಳೆಯ ಕಾವಲುಗಾರ್ತಿ ಬರೆಯುತ್ತಿರುವುದು. ನೀವು ನನ್ನನ್ನು ನೋಡಿದ್ದೀರಿ, ನೆನಪಿರಲಾರದು. ನೀವು ಬಂದಾಗೆಲ್ಲ ಗೋಡೆ ನೋಡುತ್ತಿದ್ದಿರಿ, ಅದು ಸರಿಯೇ.

ಗೋಡೆಯನ್ನು ತೇವ ಮಾಡಿದ್ದು ಬಂದು ಹೋಗುವ ಜನರಲ್ಲ, ನಾನು. ಗಾರೆ ಒಣಗಿ ಬಿರುಕು ಬಿಡುತ್ತದೆಂಬ ಹೆದರಿಕೆಯಿಂದ ದಿನಾ ಒಂದು ಬಕೆಟ್ ನೀರು ಗೋಣಿಚೀಲಕ್ಕೆ ಹಾಕಿ ಒಳಗೆ ಇಡುತ್ತಿದ್ದೆ. ನಾನು ಬಿದ್ದು ಆಸ್ಪತ್ರೆ ಸೇರಿದ ಮೇಲೆ ನಿಂತಿತು. ನಂಬಿಕೆಯಾಗದಿದ್ದರೆ ಫೆಬ್ರವರಿಯ ಹಾಳೆ ತೆಗೆದು ನೋಡಿ, ಐದು ಮತ್ತು ಆರನೇ ತಾರೀಖು. ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ. ನನ್ನ ಓರಗಿತ್ತಿಗೆ ಈ ವಿಷಯ ಏನೂ ಗೊತ್ತಿಲ್ಲ. ಅವಳು ಮಾಡಿದ್ದೆಲ್ಲ ಸರಿಯಾಗಿಯೇ ಮಾಡಿದ್ದಾಳೆ.

ಕೋಣೆಯನ್ನು ಪೂರ್ತಿ ಮುಚ್ಚುತ್ತೀರೆಂದು ಕೇಳಿದೆ. ತಪ್ಪು ಒಬ್ಬಳದು, ಬಾಗಿಲು ಹಾಕುವುದು ಊರಿಗೆಲ್ಲ. ಜನರನ್ನು ಮಿತಿಯಲ್ಲಿ ಬಿಡಿ, ಬೇಕಾದರೆ ಇಪ್ಪತ್ತರ ಬದಲು ಹದಿನೈದು ಬಿಡಿ, ಆದರೆ ಬಿಡಿ. ನಾನು ಎಷ್ಟೋ ಜನರನ್ನು ಅಲ್ಲಿಂದ ಬೈದು ಕಳಿಸಿದ್ದೇನೆ, ಅವರಲ್ಲಿ ಯಾರಾದರೂ ಇನ್ನೊಮ್ಮೆ ಬಂದರೆ ಬೀಗ ನೋಡಿಕೊಂಡು ಹೋಗಬಾರದು.

ನನಗೆ ಏನು ಮಾಡಬೇಕೋ ಮಾಡಿ. ಕಾಗದದ ಕೆಳಗೆ ರುಜು ಹಾಕಿದ್ದೇನೆ. ಅಕ್ಷರ ಸೊಟ್ಟಗಿದೆ, ಆದರೆ ಹೇಳಿದ್ದು ನೆಟ್ಟಗಿದೆ.

ರಜೆಯಲ್ಲಿರುವ ಕಾವಲುಗಾರ್ತಿ


ಮೇ 26

ಅಕ್ಕ,

ಹೇಳುವುದಿಲ್ಲ ಎಂದು ಬರೆದಿರಿ. ಒಂಬತ್ತು ದಿನ ತಡೆದುಕೊಂಡಿರಿ.

ಮೇಡಂ ನಿಮ್ಮ ಪತ್ರವನ್ನು ಆಫೀಸಿನಲ್ಲಿ ಎಲ್ಲರ ಮುಂದೆ ಓದಿದರು. ನಾನು ಫೆಬ್ರವರಿಯ ಹಾಳೆಯನ್ನು ಮೊದಲ ಬಾರಿ ನೋಡುವವಳಂತೆ ನೋಡಿದೆ. ನಟನೆ ನನಗೆ ಬರುವುದಿಲ್ಲ, ಮುಖ ಬೆವರಿತು. ಮೇಡಂ ನಿಮ್ಮ ಪತ್ರವನ್ನು ಮಡಚಿ ಹಾಳೆಯ ಮೇಲಿಟ್ಟರು. ಆಮೇಲೆ "ನಾನೂ ಒಂದು ಸಲ ಅವಳ ಹತ್ತಿರ ಕೂತು ಮಾತಾಡಿದ್ದರೆ ಹನ್ನೊಂದು ವರ್ಷ ಹೋಗ್ತಿರಲಿಲ್ಲ" ಅಂದರು. ನಿಮ್ಮನ್ನು ಬೈಯಲಿಲ್ಲ. ನನಗೆ ಅದಕ್ಕೂ ಸಿಟ್ಟು ಬಂತು.

ಮುಚ್ಚುವ ಆದೇಶ ನಿಂತಿತು. ತದ್ರೂಪು ಕೋಣೆ ಇಲ್ಲ. ಇಪ್ಪತ್ತು ಜನ, ಹತ್ತು ನಿಮಿಷ ಹಾಗೇ ಇರುತ್ತದೆ, ಉಸಿರಿನ ತೇವವೂ ಸುಳ್ಳಲ್ಲವಂತೆ. ಇನ್ನು ಮುಂದೆ ಕೋಣೆಯಲ್ಲಿ ಯಾರೂ ಒಬ್ಬರೇ ಕೂರುವಂತಿಲ್ಲ. ಕಾವಲಿಗೆ ಇಬ್ಬರು, ಜನರ ಜೊತೆ ಒಳಗೆ ಹೋಗಿ ಬರುವುದು ನಾನು, ಬಾಗಿಲ ಹೊರಗೆ ನೀವು. ನಿಮ್ಮ ಕೆಲಸ ತೆಗೆಯಲಿಲ್ಲ. ಸರಳು ಹಾಕಿದ ಕಾಲಿಗೆ ಕುರ್ಚಿ ಕೊಡುತ್ತಾರಂತೆ. ಕಾಯಂ ಕೆಲಸದ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿಮ್ಮ ಮೈದುನರಿಗೆ ಆಗಲೇ ಹೇಳಿಬಿಟ್ಟಿದ್ದೆ. ಮಕ್ಕಳಿಗೂ. ಅವರಿಗೆ ಇನ್ನೊಮ್ಮೆ ಹೇಳಬೇಕಾಯಿತು.

ಚಹಾ ಅಂಗಡಿಯವನು ದಿನಾ ಕೇಳುತ್ತಾನೆ, "ಬೈಯೋ ಅಕ್ಕ ಯಾವಾಗ ಬರ್ತಾರೆ?" ಅಂತ. ಕೋಣೆಗೆ ಬೀಗ ಬಿದ್ದಿದ್ದರೆ ಬಸ್ಸುಗಳೇ ಬರುತ್ತಿರಲಿಲ್ಲವಂತೆ, ಊರನ್ನು ಉಳಿಸಿದವರು ನೀವಂತೆ.

ನನಗೆ ಒಂದೇ ಒಂದು ಮಾತು ಬೇಕು. ಒಂದು ಕಡೆ ಕೂತು ನಿಜ ಹೇಳಿ. ಮೇಡಂಗೆ ಬರೆದಿದ್ದು ಕೋಣೆ ಮುಚ್ಚಬಾರದು ಎಂದಾ, ಅಥವಾ ನನಗೆ ಆ ಕೆಲಸ ಸಿಗಬಾರದು ಎಂದಾ?

ಓರಗಿತ್ತಿ


ಜೂನ್ 4

ನನ್ನ ಓರಗಿತ್ತಿಗೆ,

ಎರಡಕ್ಕೂ.

ಒಂದೇ ಹೇಳು ಎಂದು ಕೇಳಿದ್ದೀಯ. ಎಂಟು ದಿನ ಹೆಕ್ಕಿ ನೋಡಿದೆ, ಬೇರೆಬೇರೆ ಮಾಡಲು ಆಗಲಿಲ್ಲ. ಮುದುಕ ಕೈಮುಗಿದದ್ದು ಕಣ್ಣಿಗೆ ಬರುತ್ತಿತ್ತು, ನೀನು ನೀಲಿ ಸಮವಸ್ತ್ರದಲ್ಲಿ ನಕಲಿ ಬಾತುಕೋಳಿ ತೋರಿಸುತ್ತ ಜನರನ್ನು ನಗಿಸುವುದೂ ಕಣ್ಣಿಗೆ ಬರುತ್ತಿತ್ತು. ಯಾವುದು ಮೊದಲು ಬಂತು, ಯಾವುದು ಪೆನ್ನು ಹಿಡಿಸಿತು ಎಂದು ನನಗೇ ಗೊತ್ತಿಲ್ಲ. ಬರೀ ಒಳ್ಳೆಯತನವಿದ್ದಿದ್ದರೆ ಹೆದರಿ ಸುಮ್ಮನಿರುತ್ತಿದ್ದೆನೇನೋ. ಹೊಟ್ಟೆಕಿಚ್ಚಿಗೆ ಹೆದರಿಕೆ ಕಡಿಮೆ. ಅಂಚೆಡಬ್ಬಕ್ಕೆ ಹಾಕಿದ ಮೇಲೆ ವಾಪಸ್ಸು ತೆಗೆಯಲಾಗುತ್ತದಾ ಎಂದು ಅಳಿಯನನ್ನು ಕೇಳಿದೆ. "ಆಗಲ್ಲ ಅತ್ತೆ" ಅಂದ. ಅಬ್ಬಾ ಅನಿಸಿತು.

ನಿನ್ನ ಕಾಯಂ ಕೆಲಸ ಹೋಯಿತು, ನನ್ನಿಂದ ಹೋಯಿತು. ಅದಕ್ಕೆ ಏನು ಹೇಳಿದರೂ ಸಾಲದು, ಹೇಳುವುದಿಲ್ಲ. ನಿನ್ನ ಮಕ್ಕಳಿಗೆ ನಾನೇ ಹೇಳುತ್ತೇನೆ, ದೊಡ್ಡಮ್ಮನಿಂದ ಹೋಯಿತೆಂದು. ಮೇಡಂಗೆ ನಿನಗೇನೂ ಗೊತ್ತಿಲ್ಲ ಎಂದು ಬರೆದೆನಲ್ಲ, ಅಷ್ಟು ಸಾಲು ಮಾತ್ರ ಕಿಚ್ಚಿಲ್ಲದೆ ಬರೆದದ್ದು. ಅದು ಸುಳ್ಳಾಗಿತ್ತು, ನೋಡು ನನ್ನ ಹಣೆಬರಹ.

ಕೋಲು ಹಿಡಿದು ನಡೆಯುತ್ತೇನೆ. ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಮ್ಮ ಭಾವನಿಗೆ ಹೇಳು, ಅವರ ಊಟ ಅವರು ಎಲ್ಲಿ ಬೇಕಾದರೂ ಮಾಡಲಿ, ನಾನೂ ನಿನ್ನ ಮನೆಗೇ ಬರುವವಳು. ಅದೇನಿದೆ ಆ ಅಡುಗೆಯಲ್ಲಿ ಅಂತ ನೋಡಬೇಕು.

ಒಳಗೆ ನೀನು, ಹೊರಗೆ ನಾನು ಎಂದು ತೀರ್ಮಾನವಾಗಿದೆ, ಒಪ್ಪಿದ್ದೇನೆ. ದಿನಕ್ಕೆ ಹತ್ತು ಸಲ ನೀನು ಅವಳ ಮುಖ ನೋಡಿ ಬರುತ್ತೀಯ, ನಾನು ಬಾಗಿಲ ಹಲಗೆ ನೋಡುತ್ತ ಕೂತಿರುತ್ತೇನೆ. ಹೊಟ್ಟೆ ಉರಿಯುವುದಿಲ್ಲ ಎಂದರೆ ನೀನೂ ನಂಬುವುದಿಲ್ಲ, ಅವಳೂ ನಂಬುವುದಿಲ್ಲ. ಉರಿಯಲಿ. ಆದರೆ ಎಣಿಸಿ ಒಳಗೆ ಬಿಡುವ ಅಧಿಕಾರ ನನ್ನದು, ಅದರಲ್ಲಿ ಯಾರೂ ಕೈ ಹಾಕುವಂತಿಲ್ಲ, ದೊಡ್ಡ ಮೇಡಂ ಕೂಡ. ಇಪ್ಪತ್ತೆಂದರೆ ಇಪ್ಪತ್ತು. ನೀನೂ ಉಸಿರಾಡುವವಳೇ ತಾನೇ? ಅದಕ್ಕೇ ಈಗಲೇ ಹೇಳಿಬಿಡುತ್ತೇನೆ, ನೀನು ಒಳಗಿರುವಾಗ ನಾನು ಬಿಡುವುದು ಹತ್ತೊಂಬತ್ತು ಜನರನ್ನು ಮಾತ್ರ.

ಬಾಗಿಲ ಹೊರಗಿನ
ನಿನ್ನ ಅಕ್ಕ